ಕಪ್ಪು ಹಲ್ಲಿನ ಸೇನಾಪತಿ

ನಮ್ಮೂರಿನ ಗುಡ್ಡದ ಬುಡದ ಗದ್ದೆಯಲ್ಲಿ ನಾನೂರು ವರ್ಷದ ಹಿಂದೆ ದೊಡ್ಡ ಕಾಳಗ ನಡೆದಿತ್ತು. ನಮ್ಮವರು ಸೋತರು. ಆ ಸೋಲನ್ನೇ ಪ್ರತಿ ಶರತ್ಕಾಲದಲ್ಲಿ ರಟ್ಟಿನ ಕವಚ ತೊಟ್ಟು, ಬಿದಿರಿನ ಈಟಿ ಹಿಡಿದು ಮತ್ತೆ ಆಡಿ ತೋರಿಸುತ್ತೇವೆ. ನಮಗದರಲ್ಲಿ ನಾಚಿಕೆಯೇನಿಲ್ಲ, ಜಂಬವೇ. ಆದರೆ ಈಟಿ ಹಿಡಿಯುವವರು ಗಂಡಸರು, ಡೇರೆಯಲ್ಲಿ ಟೀ ಕೊಡುವವರು ನಾವು ಹೆಂಗಸರು. ಮಂಡಿಯಲ್ಲಿ ತರಕಾರಿ ಹರಾಜು ಕೂಗುವ ನನಗೋ, ಒಂದೇ ಒಂದು ಸಲ ಆ ಗದ್ದೆಯಲ್ಲಿ ಈಟಿ ಹಿಡಿದು ಓಡಬೇಕೆಂದು ಚಿಕ್ಕಂದಿನಿಂದ ಆಸೆ.

ಈ ವರ್ಷ ಕಾಳಗದ ಸಮಿತಿಯ ಸಭೆಯಲ್ಲಿ ಕೇಳಿಯೇಬಿಟ್ಟೆ. ನಮ್ಮ ಸೇನಾಪತಿಯ ವೇಷ ಹಾಕುವ ಹಿಬಿನೊ ಸಾನ್ ತಲೆ ಅಲ್ಲಾಡಿಸಿದರು. ಊರಿನವರೆಲ್ಲ ಗೌರವಕ್ಕೆ ಸಾನ್ ಎಂದೇ ಕರೆಯುವ ಅವರೇ ಸಮಿತಿಯ ಅಧ್ಯಕ್ಷರೂ.

"ಆಗಲ್ಲ ಕಣಮ್ಮ ಚಿಗುಸ. ಆವತ್ತು ಹೆಂಗಸ್ರು ಈಟಿ ಹಿಡ್ದು ಓಡಿರ್ಲಿಲ್ಲ. ಇತಿಹಾಸ ಅಂದ್ರೆ ಇತಿಹಾಸ. ಕೂದಲೆಳೆಯಷ್ಟೂ ಆಚೀಚೆ ಆಗ್ಬಾರ್ದು."

ಮೈಯೆಲ್ಲ ಉರಿಯಿತು. "ಹೌದಾ? ಆಗಿನ ದೊಡ್ಡ ದೊಡ್ಡ ಸರದಾರ್ರು ಅಂದಕ್ಕೆ ಅಂತ ಹಲ್ಲು ಕಪ್ಪು ಮಾಡ್ಕೋತಿದ್ರಂತೆ. ನಿಮ್ಮ ಹಲ್ಲು ನೋಡಿದ್ರೆ ಬೆಳ್ಳಗೆ ಫಳಫಳ ಅಂತಿವೆಯಲ್ಲ, ಹಿಬಿನೊ ಸಾನ್! ಕಪ್ಪು ಮಾಡ್ಕೊಂಡು ಬನ್ನಿ, ಬಾಯಿ ಮುಚ್ಕೊಂಡು ಟೀ ಕೊಡ್ತೀನಿ. ಇಲ್ಲಾಂದ್ರೆ ಈಟಿ ನನ್ನದು."

ಸಭೆ ಘೊಳ್ಳೆಂದಿತು. ಗೆದ್ದೆನೆಂದುಕೊಂಡೆ.

ಆ ಮನುಷ್ಯನ ಹಟ ನನಗೆ ಗೊತ್ತಿರಬೇಕಿತ್ತು. ತುಕ್ಕು ಮೊಳೆಗಳನ್ನು ಟೀಯಲ್ಲಿ, ವಿನೆಗರಿನಲ್ಲಿ ವಾರಗಟ್ಟಲೆ ನೆನೆಹಾಕಿ, ಹಲ್ಲಿಗೆ ಬಳಿಯುವ ಕಪ್ಪು ಮಾಡಿದರಂತೆ. ಆ ನಾತಕ್ಕೆ ಹೆಂಡತಿ ತಂಗಿಯ ಮನೆಗೆ ಹೋದರೂ ಬಿಡಲಿಲ್ಲವಂತೆ. ಕಾಳಗದ ದಿನ ಬೆಳಿಗ್ಗೆ ನನ್ನ ಡೇರೆಯ ಮುಂದೆ ನಿಂತು ಹಲ್ಲು ಕಿರಿದರು. ಇದ್ದಿಲಿನ ಹಾಗೆ ಕಪ್ಪು!

"ಎಲ್ಲಿ, ಬಿಸಿಬಿಸಿ ಒಂದು ಟೀ ಕೊಡಮ್ಮ."

ಅಳು ಬಂತು. ಕೊಟ್ಟೆ.

ನಗಾರಿ ಬಡಿಯಿತು. ಎದುರಿಗೆ ಗೆಲ್ಲುವ ಸೇನೆ, ನಡುವೆ ಕೊಯ್ಲಾದ ಗದ್ದೆ, ಸುತ್ತ ಜನವೋ ಜನ. ಹಿಬಿನೊ ಸಾನ್ ಸೇನೆಗೆ ಅಪ್ಪಣೆ ಕೊಡುವ ಬೀಸಣಿಗೆ ಎತ್ತಿ, ಮುಂದಿನ ಸಾಲಿನಲ್ಲಿ ಕೂತಿದ್ದ ಪುಟ್ಟ ಮೊಮ್ಮಗಳತ್ತ ನಕ್ಕರು. ಮಗು ಕಿಟಾರನೆ ಕಿರುಚಿತು.

"ತಾತ ಅಲ್ಲ, ದೆವ್ವ!"

ಗದ್ದೆಗೆ ಗದ್ದೆಯೇ ನಕ್ಕಿತು. ಸೇನಾಪತಿಯ ಬಾಯಿ ಮುಚ್ಚಿದ್ದು ಮತ್ತೆ ತೆರೆಯಲಿಲ್ಲ. ಬೀಸಣಿಗೆ ಮೇಲೇ ನಿಂತಿತು, ಅಪ್ಪಣೆ ಮಾತ್ರ ಹೊರಡಲಿಲ್ಲ. ನಮ್ಮವರು ಮುಖ ಮುಖ ನೋಡಿಕೊಂಡರು.

"ಏನ್ರೋ, ಈ ಸಲ ನಿಂತ ಜಾಗದಲ್ಲೇ ಸೋಲ್ತೀರಾ?" ಎಂದು ಎದುರಿನವರು ಕಿಚಾಯಿಸಿದರು.

ಸೋಲುವುದಕ್ಕೂ ಒಂದು ಮರ್ಯಾದೆ ಬೇಡವೇ! ಕೈಯಲ್ಲಿದ್ದ ಕೆಟಲು ಕೆಳಗಿಟ್ಟು, ಹರಾಜಿನ ಗಂಟಲಲ್ಲಿ ಕೂಗಿದೆ.

"ನುಗ್ಗ್ರೋ! ನುಗ್ಗ್ರೋ!"

ಸೇನೆ ನುಗ್ಗಿತು! ಹಿಬಿನೊ ಸಾನ್ ತಿರುಗಿ ನನ್ನನ್ನೇ ನೋಡಿದರು. ತುಟಿ ಬಿಗಿದುಕೊಂಡೇ ಪಕ್ಕದವನ ಈಟಿ ಕಸಿದು ನನ್ನತ್ತ ಚಾಚಿದರು. ಏಪ್ರನ್ ಬಿಚ್ಚಲೂ ಪುರುಸೊತ್ತಿಲ್ಲದೆ ಓಡಿದೆ. ಅಯ್ಯೋ, ಆ ಓಟವೇ! ಕೂಳೆ ಕಾಲಿಗೆ ಚುಚ್ಚಿದರೂ ಗೊತ್ತಾಗಲಿಲ್ಲ.

ನಿಯಮದಂತೆ ನಾವು ಅರ್ಧ ಗದ್ದೆಯಲ್ಲಿ ಬಿದ್ದು ಸಾಯಬೇಕಿತ್ತು. ಯಾರೂ ಸಾಯಲಿಲ್ಲ. ಗೆಲ್ಲಬೇಕಾದವರು ತಬ್ಬಿಬ್ಬಾಗಿ ಹಿಂದೆ ಸರಿಯುತ್ತಾ ಕಾರು ನಿಲ್ಲಿಸುವ ಜಾಗದವರೆಗೂ ಹೋದರು.

"ಹಿಬಿನೊ ಸಾನ್, ಇತಿಹಾಸ!" ಎಂದು ಏದುಸಿರಿನಲ್ಲೇ ಕೂಗಿದೆ.

ಪಕ್ಕದಲ್ಲೇ ಓಡುತ್ತಿದ್ದ ಅವರು ಬಾಯಿ ಅಗಲಿಸಿ, ಕಪ್ಪು ಹಲ್ಲನ್ನೆಲ್ಲ ಊರಿಗೇ ತೋರಿಸುತ್ತಾ ಗರ್ಜಿಸಿದರು.

"ಅದನ್ನ ನಾಳೆ ನೋಡ್ಕೊಳ್ಳೋಣ, ಓಡಮ್ಮ!"