ದ್ವೀಪದಲ್ಲಿ ಉಳಿದ ಮಡಚು ಸ್ಟೂಲು

ನಾನೊಂದು ಮಡಚುವ ಸ್ಟೂಲು. ನಾಲ್ಕು ಸಾಗುವಾನಿ ಕಾಲು, ಮೇಲೊಂದು ದಪ್ಪ ಕ್ಯಾನ್ವಾಸು. ಮನುಷ್ಯರನ್ನು ಕೆಳಗಿನಿಂದ ನೋಡುವುದೇ ನನ್ನ ಹಣೆಬರಹ. ದಾಂಡೇಲಿಯ ಬಡಗಿಯೊಬ್ಬ ನನ್ನನ್ನು ಜೋಡಿಸಿ, ತಾನೇ ಒಮ್ಮೆ ಕೂತು ನೋಡಿ, "ಗಟ್ಟಿ ಐತಿ" ಎಂದ. ನನ್ನ ಬದುಕಿನಲ್ಲಿ ಮರ್ಯಾದೆಯಿಂದ ಕೂತ ಗಂಡಸು ಅವನೊಬ್ಬನೇ.

ಕೊಂಡವರು ಹೊಸಪೇಟೆಯ ಜಂಬುನಾಥ, ಎರಡು ಕಲ್ಯಾಣ ಮಂಟಪಗಳ ಮಾಲೀಕರು. ಹೋದಲ್ಲೆಲ್ಲ ತನಗೆ ಕುರ್ಚಿ ಹಾಕಬೇಕೆಂಬ ಖಯಾಲಿ ಅವರಿಗೆ. ಹಾಕದ ಕಡೆಗೆ ನಾನು. ಕೂರುವುದು ಅವರು, ನನ್ನನ್ನು ಹೊರುವುದು ಹೆಂಡತಿ ಶಂಕ್ರಮ್ಮ.

ಒಂದು ವರ್ಷ ಇಬ್ಬರೂ ದೂರದ ಸಮುದ್ರದಲ್ಲಿ ದ್ವೀಪದಿಂದ ದ್ವೀಪಕ್ಕೆ ಸುತ್ತುವ ಪುಟ್ಟ ಹಡಗು ಹತ್ತಿದರು. ಜೊತೆಗೆ ಒಂದಿಷ್ಟು ಅನುಕೂಲಸ್ಥ ಜನ. ಊಟದ ಮೇಜಿನಲ್ಲಿ ಅವರಾಡಿದ್ದು ಒಂದೇ ಮಾತು: ದ್ವೀಪದ ಮೂಲನಿವಾಸಿಗಳು ಬಟ್ಟೆ ತೊಡುತ್ತಾರೋ ಇಲ್ಲವೋ. ತೊಡುತ್ತಾರೆಂದು ತಿಳಿದಾಗ ಜಂಬುನಾಥರ ಮುಖ ಬಾಡಿತು.

ದಡ ಮುಟ್ಟಿದಾಗ ಹಳ್ಳಿ ಮೌನವಾಗಿತ್ತು. ಪ್ರವಾಸದ ಉಸ್ತುವಾರಿ ರೋಶನ್ ಪಿಂಟೊ, ಮಂಗಳೂರಿನವನು, ಊರೊಳಗೆ ಹೋಗಿ ಮುಖ ಇಳಿಸಿಕೊಂಡು ಬಂದ.

"ಸರ್, ಇವತ್ತು ಬೇಡ. ಇಲ್ಲಿಯ ಅಜ್ಜಿ ಒಬ್ಬರ ಮಗ ನಿನ್ನೆ ಸಮುದ್ರದಲ್ಲಿ ತೀರಿಹೋಗಿದ್ದಾನಂತೆ. ನಾವು ವಾಪಸ್ ಹೋಗುವ."

"ಅಂದ್ರ ಡ್ಯಾನ್ಸ್ ಇಲ್ಲೇನು?" ಎಂದರು ಜಂಬುನಾಥ. "ಡ್ಯಾನ್ಸ್ ಐತಿ ಅಂತ ಹೇಳೇ ಕರ್ಕೊಂಡು ಬಂದೀರಿ!"

ಉಳಿದವರು ಹೌದೌದೆಂದು ತಲೆಯಾಡಿಸಿದರು. ಅಷ್ಟರಲ್ಲಿ ಒಂದು ಗುಡಿಸಲಿನಿಂದ ಉದ್ದನೆಯ ದನಿ ಎದ್ದಿತು. ಜಂಬುನಾಥ ಹೆಂಡತಿಯ ಕೈಯಿಂದ ನನ್ನನ್ನು ಕಸಿದು, ದಾಪುಗಾಲಿಟ್ಟು ಹೋಗಿ, ಆ ಬಾಗಿಲಿನ ಎದುರಿಗೇ ಬಿಡಿಸಿ ಕೂತು, ಫೋನು ಎತ್ತಿ ಹಿಡಿದರು.

"ಹಾಡು ಶುರು ಆತು ನೋಡ್ರಿ!" ಎಂದು ತೊಡೆ ತಟ್ಟುತ್ತ ತಾಳ ಹಾಕಿದರು. ಆ ತಾಳ ನನ್ನ ಕಾಲುಗಳವರೆಗೂ ಇಳಿಯಿತು. ಮುರಿದು ಬೀಳಬಾರದೇ ಎಂದುಕೊಂಡೆ. ಹಾಳು ಸಾಗುವಾನಿ, ಜಗ್ಗಲಿಲ್ಲ.

ಶಂಕ್ರಮ್ಮ ಬಂದು ಫೋನು ಕಿತ್ತುಕೊಂಡರು.

"ಏಳ್ರಿ ಮ್ಯಾಲೆ."

"ಯಾಕ?"

"ಹೆತ್ತಾಕಿ ಅಳಾಕತ್ತಾಳ. ಅದಕ್ಕ ತಾಳ ಹಾಕ್ತೀರಲ್ಲ, ನೀವೇನು ಮನುಷ್ಯಾರೋ? ಏಳ್ರಿ!"

ಇಷ್ಟು ವರ್ಷಗಳಲ್ಲಿ ಆಕೆ ಗಂಡನಿಗೆ ದನಿಯೆತ್ತರಿಸಿದ್ದನ್ನು ನಾನು ಕೇಳಿರಲಿಲ್ಲ. ಅವರು ಎದ್ದರು. ಆಕೆ ನನ್ನನ್ನು ಬಾಗಿಲಿಗೊಯ್ದು ಅಜ್ಜಿಯ ಮುಂದಿಟ್ಟರು. ಅಜ್ಜಿ ಕೂರಲಿಲ್ಲ; ಮರಳಿನ ಮೇಲೆ ಕುಸಿದರು. ಶಂಕ್ರಮ್ಮನೂ ಪಕ್ಕದಲ್ಲೇ ಕೂತು ಕೈ ಹಿಡಿದುಕೊಂಡರು. ಒಬ್ಬರ ಮಾತು ಒಬ್ಬರಿಗೆ ತಿಳಿಯದು. ಇಬ್ಬರೂ ಅತ್ತರು. ನಾನು ಖಾಲಿ ನಿಂತಿದ್ದೆ.

ಹಡಗು ಕೂಗಿತು. "ಸ್ಟೂಲು ತಗೊಂಡು ಬಾ," ಎಂದರು ಜಂಬುನಾಥ, ದೂರದಿಂದಲೇ.

"ಅದು ಇಲ್ಲೇ ಇರ್ಲಿ," ಎಂದು ಶಂಕ್ರಮ್ಮ ಬರಿಗೈಯಲ್ಲಿ ನಡೆದರು.

ಅಜ್ಜಿಯ ಹೆಸರು ತೆಯಾಲು. ನನ್ನ ಮೇಲೆ ಅವರು ಮೀನು ಒಣಗಿಸಿದರು. ಮೀನಿನ ವಾಸನೆ ಜಂಬುನಾಥರ ಅತ್ತರಿಗಿಂತ ಸಾವಿರ ಪಾಲು ವಾಸಿ.

ಒಂದು ಮಳೆಗಾಲ ಕಳೆದ ಮೇಲೆ, ಒಂದು ಬೆಳಿಗ್ಗೆ, ಇನ್ನೊಂದು ಹಡಗು ಬಂತು. ಅವೇ ಟೋಪಿಗಳು, ಅವೇ ಕ್ಯಾಮೆರಾಗಳು. ತೆಯಾಲು ಅಜ್ಜಿ ಮೀನು ಕೊಡವಿ, ನನ್ನನ್ನು ದಡಕ್ಕೆ ಹೊತ್ತೊಯ್ದು, ದೋಣಿ ನಿಲ್ಲುವ ಜಾಗದಲ್ಲೇ ಊರಿ, ಮೊದಲ ಸಲ ನನ್ನ ಮೇಲೆ ಕೂತರು. ಊರವರು ಒಬ್ಬೊಬ್ಬರಾಗಿ ಬಂದು ಬೆನ್ನ ಹಿಂದೆ ನಿಂತರು. ಹಡಗಿನಿಂದ ದೋಣಿಯಲ್ಲಿ ಬಂದವರು ಕೈ ಬೀಸಿದರು, ನಕ್ಕರು, ಏನೇನೋ ಕೂಗಿದರು. ಅಜ್ಜಿ ಇಲ್ಲವೆಂದು ತಲೆಯಾಡಿಸಿದರು, ಅಷ್ಟೇ. ದೋಣಿ ತಿರುಗಿತು.

ಈಗ ನನ್ನ ಕ್ಯಾನ್ವಾಸು ಹರಿದಿದೆ, ಒಂದು ಕಾಲು ಉಪ್ಪುನೀರಿಗೆ ಸೀಳಿದೆ. ಗುಡಿಸಲಿನ ಮೂಲೆಯಲ್ಲಿ ಒರಗಿದ್ದೇನೆ. ಎಷ್ಟೋ ವರ್ಷ ದೊಡ್ಡ ಮನುಷ್ಯರೊಬ್ಬರನ್ನು ಹೊತ್ತಿದ್ದೇನೆ. ಅವರು ಬರೀ ಭಾರವಾಗಿದ್ದರು. ಆ ಒಂದು ಬೆಳಿಗ್ಗೆ ಮಾತ್ರ ನನ್ನ ಮೇಲೆ ಮನುಷ್ಯರೊಬ್ಬರು ಕೂತಿದ್ದರು.