ಹೆಸರು ಹೇಳಿದರೆ ಹತಾರ

ಮುನಿವೆಂಕಟಪ್ಪನಂಥ ಕೆಲಸಗಾರ ಬಸವೇಶ್ವರನಗರದ ಆ ಅಡ್ಡರಸ್ತೆಯಲ್ಲಿ ಇನ್ನೊಬ್ಬನಿರಲಿಲ್ಲ. ಅವನಂಥ ಗಂಡನೂ ಇನ್ನೊಬ್ಬನಿರಲಿಲ್ಲ. ಅದು ಆ ರಸ್ತೆಯ ಹೆಂಗಸರ ಪುಣ್ಯ. ರಾಜಾಜಿನಗರದ ಕಾರ್ಖಾನೆಯೊಂದರ ಟೂಲ್ ರೂಮಿನಲ್ಲಿ ಇಪ್ಪತ್ತೆಂಟು ವರ್ಷ ಕೂತವನು. ಅಲ್ಲಿನ ಕಾನೂನನ್ನು ಕೆಲಸಕ್ಕೆ ಸೇರಿದ ಹೊಸದರಲ್ಲೇ ಮನೆಗೂ ತಂದಿದ್ದ. ನಡುಮನೆಯ ಗೋಡೆಗೆ ದೊಡ್ಡ ಹಲಗೆ ಹೊಡೆದು, ಒಂದೊಂದು ಹತಾರದ ಆಕಾರವನ್ನೂ ಅದರದರ ಜಾಗದಲ್ಲಿ ಕೆಂಪು ಬಣ್ಣದಲ್ಲಿ ಬರೆದಿದ್ದ. ಹತಾರ ತೆಗೆದರೆ ಕೆಂಪು ಕಾಣಬೇಕು, ಯಾರೋ ಮುಟ್ಟಿದ್ದಾರೆಂದು ಗೊತ್ತಾಗಬೇಕು. ಬೇಕಾದವರು ಹೆಸರು, ಅಳತೆ ಎರಡನ್ನೂ ಹೇಳಿ ಕೇಳಬೇಕು.

ಈ ಕಾನೂನು ಹೆಂಡತಿ ಲಿಂಗಮ್ಮನಿಗೆ ಮಾತ್ರ. ಬೀದಿಯವರಿಗೆ ಅವನು ಕರ್ಣ. ಬಾಗಿಲಿನ ಸ್ಕ್ರೂ ಸಡಿಲವಾಗಿದೆಯೇ, ಕಡ್ಡಿಪೆಟ್ಟಿಗೆಯ ಎರಡು ಕಡ್ಡಿ ಮುರಿದು ತೂತಿಗೆ ತುರುಕಿ ತಿರುಗಿಸಿ. ಮರ ಸೀಳುತ್ತಿದೆಯೇ, ಮೊಳೆಯ ಮೊನೆಯನ್ನು ಮೊದಲು ಸುತ್ತಿಗೆಯಿಂದ ತಟ್ಟಿ ಮೊಂಡು ಮಾಡಿ. ಸ್ಕ್ರೂ ಬಿಗಿಯೇ, ಸೋಪಿಗೆ ಉಜ್ಜಿ. ಗೇಟಿನ ಹತ್ತಿರ ನಿಂತು ಹೇಳುತ್ತಿದ್ದ, ಅಡುಗೆಮನೆಯ ಕಿಟಕಿಯಿಂದ ಲಿಂಗಮ್ಮ ಕೇಳುತ್ತಿದ್ದಳು. ಅವಳ ಕುಕ್ಕರಿನ ಹಿಡಿ ಮಾತ್ರ ತಿಂಗಳುಗಟ್ಟಲೆ ಅಲ್ಲಾಡುತ್ತಿತ್ತು. "ಅದೇ ರೀ, ತಿರುಗ್ಸೋದು, ಅದು..." ಎಂದು ಅವಳು ಹಲಗೆಯತ್ತ ಕೈ ತೋರಿಸಿದರೆ, "ಬೆರಳು ತೋರಿಸ್ಬೇಡ. ಹೆಸರು ಹೇಳು, ಕೊಡ್ತೀನಿ" ಎನ್ನುತ್ತಿದ್ದ. ನಾಲ್ಕನೇ ಕ್ಲಾಸು ಓದಿದವಳು ತಡವರಿಸುವುದನ್ನು ನೋಡುವುದು ಅವನಿಗೆ ಒಂದು ಸುಖ.

ಮಗಳು ಲತಾಗೆ ನಾಲ್ಕು ವರ್ಷವಿದ್ದಾಗ ಒಮ್ಮೆ ಮಗು ಬಚ್ಚಲುಮನೆಯಲ್ಲಿ ಸಿಕ್ಕಿಹಾಕಿಕೊಂಡಿತು. ಬೀಗ ಕಚ್ಚಿಕೊಂಡಿತ್ತು. ಹೊರಗಡೆ ಹಿಡಿಯ ಎರಡು ಸ್ಕ್ರೂ ಬಿಚ್ಚಿದ್ದರೆ ಮುಗಿಯುತ್ತಿತ್ತು. ಮಗು ಕಿರುಚುತ್ತಿತ್ತು, ಮುನಿವೆಂಕಟಪ್ಪ ಪೇಪರ್ ಓದುತ್ತಿದ್ದ. "ಯಾವುದು ಬೇಕು ಹೇಳು." ಲಿಂಗಮ್ಮ ಕಾಲಿಗೆ ಬಿದ್ದಳು. ಬರಿಗಾಲಲ್ಲಿ ಪಕ್ಕದ ಮನೆಗೆ ಓಡಿ ಹೆಸರು ಕೇಳಿಕೊಂಡು ಬಂದು, "ಸ್ಟಾರ್ ಸ್ಕ್ರೂಡ್ರೈವರ್!" ಎಂದು ಕೂಗಿದಳು. ಅವನು ಪೇಪರಿನ ಹಾಳೆ ಮಗುಚಿದ. "ಎಷ್ಟಿಂಚಿಂದು?"

ಬಾಗಿಲು ತೆಗೆಯುವ ಹೊತ್ತಿಗೆ ಮಗುವಿನ ಕಿರುಚಾಟ ನಿಂತು ಬಹಳ ಹೊತ್ತಾಗಿತ್ತು. ಹದಿನೈದು ದಿನ ಅದು ಒಂದು ಮಾತೂ ಆಡಲಿಲ್ಲ. ಲತಾ ಈಗ ಮದುವೆಯಾಗಿ ದೀಪಾಂಜಲಿ ನಗರದಲ್ಲಿದ್ದಾಳೆ. ಇವತ್ತಿಗೂ ಅವಳ ಮನೆಯ ಬಚ್ಚಲಿಗೆ ಚಿಲಕವಿಲ್ಲ.

ಕಾರ್ಖಾನೆ ಮುಚ್ಚಿ ನಾಲ್ಕು ವರ್ಷಕ್ಕೆ, ಎರಡು ಸಾವಿರದ ಆರರಲ್ಲಿ, ಮುನಿವೆಂಕಟಪ್ಪನಿಗೆ ಲಕ್ವ ಹೊಡೆಯಿತು. ಬಲಗೈ, ಬಲಗಾಲು, ಮಾತು ಮೂರೂ ಹೋದವು. ನಡುಮನೆಯಲ್ಲಿ, ಹಲಗೆಯ ಎದುರಿಗೇ, ಪಡುವಣ ಕಿಟಕಿಯ ಕೆಳಗೆ ಮಂಚ ಹಾಕಿದರು. ಲಿಂಗಮ್ಮ ಅವನಿಗೆ ಗಂಜಿ ಕುಡಿಸುತ್ತಾಳೆ, ಮೈ ಒರೆಸುತ್ತಾಳೆ, ಬೆನ್ನಿಗೆ ಪೌಡರ್ ಹಾಕುತ್ತಾಳೆ. ಒಂದು ಹುಣ್ಣೂ ಆಗಿಲ್ಲ. ಬೀದಿಯವರ ಬಾಯಲ್ಲಿ ಅವಳು ದೇವತೆ.

ಮೊದಲ ವಾರವೇ ಅವಳು ಹಲಗೆಗೆ ಕೈ ಹಾಕಿದಳು. ಕುಕ್ಕರಿನ ಹಿಡಿ ಬಿಗಿ ಮಾಡಿದಳು, ನಲ್ಲಿಗೆ ವಾಷರ್ ಹಾಕಿದಳು. ಮಹಡಿಯ ಬಾಡಿಗೆಯವಳು, ಬಾಗಲಕೋಟೆ ಕಡೆಯ ಶಂಕ್ರವ್ವ, "ಅಕ್ಕಾರ, ನಮ್ಮ ಬಾಗಲಾ ಬೀಳಾಕತ್ತೈತ್ರಿ" ಎಂದರೆ ಕಡ್ಡಿಪೆಟ್ಟಿಗೆ, ಸೋಪು ಹಿಡಿದು ಮೇಲೆ ಹೋಗುತ್ತಾಳೆ. ಎಲ್ಲ ಅವನ ಉಪಾಯವೇ. ಅವಳು ಹೋದಾಗಲೆಲ್ಲ ಗೋಡೆಯ ಮೇಲೆ ಕೆಂಪು ಕಾಣುತ್ತದೆ, ಮುನಿವೆಂಕಟಪ್ಪ ನೋಡುತ್ತ ಮಲಗಿರುತ್ತಾನೆ.

ಮಾರ್ಚಿನಲ್ಲಿ ಅವನ ಕಿಟಕಿಯ ಪರದೆಯ ಸರಳು ಕಳಚಿ ಬಿತ್ತು. ಚೌಕಟ್ಟಿನಲ್ಲಿ ಒಂದು ಸ್ಕ್ರೂ ಸಡಿಲ, ಅಷ್ಟೇ. ಎರಡು ಕಡ್ಡಿ, ಆರಿಂಚಿನ ಸ್ಟಾರ್, ಐದು ನಿಮಿಷದ ಕೆಲಸ. ಲಿಂಗಮ್ಮ ಪರದೆಯನ್ನು ಒಗೆದು, ಮಡಿಸಿ, ಬೀರುವಿಗೆ ಇಟ್ಟಳು. ಮೂರು ಗಂಟೆಗೆ ಬಿಸಿಲು ನೇರ ಅವನ ಕಣ್ಣಿಗೆ ಬಿತ್ತು. ಆರರವರೆಗೆ ಅದು ಕದಲಲಿಲ್ಲ. ಎಡಗೈ ಅಡ್ಡ ಹಿಡಿದ. ಸ್ವಲ್ಪ ಹೊತ್ತಿಗೆ ಕೈ ಸೋತು ಬಿತ್ತು. ಅದೇ ಕೈಯಿಂದ ಹಲಗೆ ತೋರಿಸಿದ.

"ಬೆರಳು ತೋರಿಸ್ಬೇಡಿ. ಹೆಸರು ಹೇಳಿ, ಕೊಡ್ತೀನಿ" ಅಂದಳು ಲಿಂಗಮ್ಮ. ದನಿಯಲ್ಲಿ ಸಿಟ್ಟಿರಲಿಲ್ಲ.

ಶಂಕ್ರವ್ವ ಒಂದು ಸೀರೆಯಾದರೂ ಕಟ್ಟೋಣ ಎಂದಳು. "ಬೇಡ ಕಣಮ್ಮ, ಮೈಗೆ ಬಿಸಿಲು ಬಿದ್ರೆ ಒಳ್ಳೇದಂತೆ" ಎಂದಳು ಲಿಂಗಮ್ಮ.

ಅಂದಿನಿಂದ ಮುನಿವೆಂಕಟಪ್ಪ ಅಭ್ಯಾಸ ಶುರುಮಾಡಿದ. ಹೆಂಡತಿಯ ಹೆಸರನ್ನಲ್ಲ, ಮಗಳ ಹೆಸರನ್ನಲ್ಲ, ಆ ಒಂದೇ ಒಂದು ಮಾತನ್ನು. ನಾಲಿಗೆ ಹೊರಳಿಸುತ್ತಿದ್ದ, ಜೊಲ್ಲು ಸುರಿಯುತ್ತಿತ್ತು, 'ತ' ಬಂದರೆ 'ಸ' ಬರುತ್ತಿರಲಿಲ್ಲ. ಮಾರ್ಚ್ ಹೋಯಿತು, ಏಪ್ರಿಲ್ ಹೋಯಿತು. ಕಣ್ಣು ಕೆಂಡವಾಗಿ, ಮುಖದ ಚರ್ಮ ಸುಲಿದು ಬಂತು. ಲಿಂಗಮ್ಮ ದಿನಾ ಸಂಜೆ ಕೊಬ್ಬರಿ ಎಣ್ಣೆ ಸವರುತ್ತಿದ್ದಳು.

ಮೇ ತಿಂಗಳ ಒಂದು ಮಧ್ಯಾಹ್ನ ಶಂಕ್ರವ್ವ ಬಂದು ಕೂತಿದ್ದಾಗ, ಬಿಸಿಲಿನೊಳಗಿಂದ ದನಿ ಹೊರಟಿತು.

"ಸ್... ಸ್ತಾರು. ಸ್ಕುರೂ... ಡೈವರು."

"ಅಯ್ಯ ನಮ್ಮವ್ವ! ಯಜಮಾನ್ರಿಗೆ ಮಾತು ಬಂತ್ರಿ ಅಕ್ಕಾರ!" ಶಂಕ್ರವ್ವ ಕೈ ಮುಗಿದು ನಿಂತಳು.

ಲಿಂಗಮ್ಮ ಎದ್ದಳು. ಹಲಗೆಯಿಂದ ಸ್ಟಾರ್ ಸ್ಕ್ರೂಡ್ರೈವರ್ ತೆಗೆದಳು. ಅದರ ಜಾಗದಲ್ಲಿ ಕೆಂಪು ಕಂಡಿತು. ಮುನಿವೆಂಕಟಪ್ಪನ ಕಣ್ಣಲ್ಲಿ ನೀರು ತುಂಬಿತು, ಖುಷಿಯಿಂದಲೇ. ಅವಳು ಮಂಚದ ಅಂಚಿಗೆ ಕೂತು ಸೆರಗಿನಿಂದ ಅವನ ಬಾಯಿ ಒರೆಸಿದಳು. ಹತಾರವನ್ನು ಅವನಿಗೆ ಕಾಣುವಂತೆ ಹಿಡಿದಳು.

"ಎಷ್ಟಿಂಚಿಂದು ರೀ?"

ಅವಳು ನ್ಯಾಯವಾಗಿ ಸ್ವಲ್ಪ ಹೊತ್ತು ಕಾದಳು. ಆಮೇಲೆ ಸ್ಕ್ರೂಡ್ರೈವರನ್ನು ಅದರ ಕೆಂಪು ಆಕಾರದ ಮೇಲೆ ತೂಗುಹಾಕಿ, ಶಂಕ್ರವ್ವನಿಗೆ ಕಾಫಿ ಮಾಡಲು ಒಳಗೆ ಹೋದಳು.