ಎಲ್ಲಿಗೆ ಎಂದು ಕೇಳಬಾರದು

ಟೆಕ್ಸಸ್‌ನ ಮಾರ್ಚ್ ತಿಂಗಳನ್ನು ನಂಬಿ ಯಾರಾದರೂ ಉದ್ಧಾರವಾದದ್ದುಂಟೇ? ಬೆಳಿಗ್ಗೆ ಬನಿಯನ್ ಸಾಕು ಎನ್ನಿಸುತ್ತದೆ. ಮಧ್ಯಾಹ್ನ ಉತ್ತರದ ಗಾಳಿ ನುಗ್ಗಿತೋ, ಪೆಟ್ಟಿಗೆ ಸೇರಿದ ಸ್ವೆಟರುಗಳನ್ನೆಲ್ಲ ಹೊರಗೆಳೆಯಬೇಕು. ಡಲ್ಲಾಸ್‌ನಿಂದ ಉತ್ತರಕ್ಕೆ, ಒಕ್ಲಹೋಮಾ ಗಡಿಯ ಹತ್ತಿರ, ಸರೋವರದ ದಂಡೆಯಲ್ಲಿ ಲಾಡ್ಜ್ ನಡೆಸುತ್ತಿದ್ದ ನಳಿನಿಗೆ ಇದು ಗೊತ್ತಿಲ್ಲದ್ದೇನಲ್ಲ. ಕಂಪನಿ ಮುಚ್ಚಿ ಕೆಲಸ ಹೋದಾಗ ಅವಳ ಗಂಡ ಭಾಸ್ಕರ, "ಇನ್ನು ಯಾರ ಕೈಕೆಳಗೂ ಬೇಡ ಕಣೇ" ಎಂದು ಈ ಹಳೇ ಲಾಡ್ಜ್ ಕೊಂಡಿದ್ದ. "ಸಾಫ್ಟ್‌ವೇರ್ ಬಿಟ್ಟು ಬೆಡ್‌ಶೀಟ್ ಒಗೀತಾನಂತೆ" ಎಂದು ಡಲ್ಲಾಸ್ ಬಳಿಯ ಮರ್ಫಿ ಊರಿನ ಗೆಳೆಯರು ಆಡಿಕೊಂಡಿದ್ದರು. ರಜೆ ಬಂದಾಗ ಅವರೇ ಮಕ್ಕಳುಮರಿ ಕಟ್ಟಿಕೊಂಡು ಬಂದು, ನಳಿನಿಯ ಬಿಸಿಬೇಳೆಬಾತ್ ತಿಂದು, ಡಿಸ್ಕೌಂಟ್ ಬೇರೆ ಕೇಳುತ್ತಿದ್ದರು.

2004ರ ಯುಗಾದಿಗೆ ಇನ್ನೊಂದು ವಾರವಿತ್ತು. ಶಾಲೆಗಳಿಗೆ ರಜೆ, ಲಾಡ್ಜಿನ ಕೋಣೆಗಳೆಲ್ಲ ಭರ್ತಿ. ಎಳೆ ಬಿಸಿಲು ಹಿತವಾಗಿತ್ತು. ಭಾಸ್ಕರ ತೆಳ್ಳನೆಯ ಅಂಗಿಯಲ್ಲೇ ದೋಣಿಯ ಕೀ ತೆಗೆದುಕೊಂಡು, ಬಟ್ಟೆಯ ಚೀಲವೊಂದನ್ನು ಹೆಗಲಿಗೆ ಹಾಕಿದ.

"ವೇರ್ ಆರ್ ಯೂ ಗೋಯಿಂಗ್, ಅಪ್ಪಾ?" ಎಂದಳು ಒಂಬತ್ತು ವರ್ಷದ ಸಿಯಾ.

"ಶ್! ಹೊರಟೋರನ್ನ ಎಲ್ಲಿಗೆ ಅಂತ ಕೇಳ್ಬಾರ್ದು ಅಂತ ಎಷ್ಟು ಸಲ ಹೇಳಿದೀನಿ? ಹೋದ ಕೆಲಸ ಆಗಲ್ಲ" ಎಂದು ನಳಿನಿ ಗದರಿದಳು. ಅವಳ ಅಜ್ಜಿ ಅವಳನ್ನು ಗದರಿದ್ದೂ ಹೀಗೆಯೇ.

ಹೇಳಲೆಂದು ಬಾಯಿ ತೆರೆದಿದ್ದ ಭಾಸ್ಕರ ನಕ್ಕು ಸುಮ್ಮನಾದ. "ಬಂದ್ಮೇಲೆ ಹೇಳ್ತೀನಿ ಪುಟ್ಟಿ. ನಿಮ್ಮಮ್ಮನ ಶಾಸ್ತ್ರ ಮೀರೋಕಾಗತ್ತಾ?" ಎಂದು ಮಗಳಿಗೆ ಕಣ್ಣು ಹೊಡೆದ. "ಹೋಗಿ ಬರ್ತೀನಿ ಕಣೇ" ಎಂದು ಹೆಂಡತಿಗೆ ಕೂಗಿ ಹೇಳಿ ಹೋದ. ಅವನ ಫೋನು ಚಾರ್ಜಿಗೆ ಹಾಕಿದಲ್ಲೇ ಉಳಿದಿತ್ತು.

ಊಟದ ಹೊತ್ತಿಗೆ ಉತ್ತರದ ಆಕಾಶ ಕಪ್ಪಾಯಿತು. ಗಾಳಿ ಬಂದದ್ದೇ ತಡ, ಒಣಗಲು ಹಾಕಿದ್ದ ಬೆಡ್‌ಶೀಟುಗಳು ಹಾರಿ ಬೇಲಿಗೆ ಸಿಕ್ಕಿಕೊಂಡವು. ಕಿಟಕಿಗಳನ್ನು ಮುಚ್ಚಲು ಓಡಿದ ನಳಿನಿ ಸರೋವರದತ್ತ ನೋಡಿದವಳೇ ನಿಂತುಬಿಟ್ಟಳು. ನೀರಿನ ತುಂಬ ಬಿಳಿ ನೊರೆ. ದೋಣಿ ಕಟ್ಟುವ ಜಾಗ ಖಾಲಿ.

ಫೋನ್ ಮಾಡಿದ ಸ್ವಲ್ಪ ಹೊತ್ತಿಗೇ ಪೊಲೀಸ್ ಅಧಿಕಾರಿ ಬಂದ. ಒಳ್ಳೆಯ ಮನುಷ್ಯ. ಟೋಪಿ ತೆಗೆದು ಕೇಳಿದ್ದು ಒಂದೇ ಮಾತು: ಎಲ್ಲಿಗೆ ಹೋಗಿದ್ದಾರೆ? ಸರೋವರ ಪೂರ್ವಕ್ಕೊಂದು, ಪಶ್ಚಿಮಕ್ಕೊಂದು ಕವಲಾಗಿ ಚಾಚಿಕೊಂಡಿದೆ, ಎರಡನ್ನೂ ಒಟ್ಟಿಗೇ ಹುಡುಕುವಷ್ಟು ದೋಣಿಗಳು ಸದ್ಯಕ್ಕಿಲ್ಲ ಎಂದ.

ಭಾಸ್ಕರ ಮೀನು ಹಿಡಿಯುವ ಗಿರಾಕಿಗಳನ್ನು ದಿನವೂ ಪೂರ್ವಕ್ಕೆ ಕರೆದೊಯ್ಯುತ್ತಿದ್ದ. ಪೂರ್ವಕ್ಕೇ ಇರಬೇಕು ಎಂದಳು ನಳಿನಿ.

ಅವಳ ಸೆರಗು ಹಿಡಿದು ನಿಂತಿದ್ದ ಸಿಯಾ ಅಧಿಕಾರಿಯ ಮುಖ ನೋಡಿ, "ಐ ಆಸ್ಕ್ಡ್ ಹಿಮ್. ಅಮ್ಮ ಸೆಡ್ ಡೋಂಟ್ ಆಸ್ಕ್" ಎಂದಳು.

ದೋಣಿಗಳು ಪೂರ್ವದ ಕವಲನ್ನೆಲ್ಲ ಜಾಲಾಡಿದವು. ಪಶ್ಚಿಮಕ್ಕೆ ತಿರುಗುವಾಗ ಹೊತ್ತು ಇಳಿದಿತ್ತು. ಪಾಳುಬಿದ್ದ ತೋಟದ ಮನೆಯೊಂದರ ಎದುರಿನ ನೀರಿನಲ್ಲಿ ಭಾಸ್ಕರ ಸಿಕ್ಕಿದ. ಮಗುಚಿದ ದೋಣಿಯ ಅಂಚನ್ನು ಅವನ ಕೈ ಬಿಟ್ಟಿರಲಿಲ್ಲ. ಚಳಿ ಅವನನ್ನು ಕೊಂದಿತ್ತು. ಜೀವ ಹೋಗಿ ತುಂಬ ಹೊತ್ತಾಗಿರಲಿಲ್ಲ ಎಂದು ಯಾರೋ ಸಮಾಧಾನದ ಮಾತೆಂಬಂತೆ ಹೇಳಿದರು. ಹಾಳು ಸಮಾಧಾನ! ಅದಕ್ಕಿಂತ ಒಂದು ಏಟು ಹಾಕಿದ್ದರೆ ನಳಿನಿ ತಡೆದುಕೊಳ್ಳುತ್ತಿದ್ದಳು.

ದೋಣಿಯ ಸೀಟಿಗೆ ಬಿಗಿದಿದ್ದ ಚೀಲವನ್ನು ಅಧಿಕಾರಿ ತಂದುಕೊಟ್ಟ. ಅದರ ತುಂಬ ಮ್ಯಾಗ್ನೋಲಿಯಾ ಎಲೆಗಳು. ಆ ಸೀಮೆಯಲ್ಲಿ ಮಾವಿನ ಎಲೆ ಎಲ್ಲಿಂದ ಬರಬೇಕು? ಹಿಂದಿನ ಯುಗಾದಿಗೆ ತೋರಣವಿಲ್ಲದ ಬಾಗಿಲು ನೋಡಿ ನಳಿನಿ ಮುಖ ಸಣ್ಣಗೆ ಮಾಡಿಕೊಂಡಿದ್ದಳು. ಪಾಳುಮನೆಯ ಅಂಗಳದ ಈ ಮ್ಯಾಗ್ನೋಲಿಯಾ ಮರದ ಎಲೆಗಳು ಮಾವಿನ ಎಲೆಯ ಹಾಗೇ ಉದ್ದ, ಹಸಿರು. ಇವು ಯಾತಕ್ಕೆ ಎಂದು ಅಧಿಕಾರಿ ಕೇಳಿದ. ಬಾಗಿಲಿಗೆ ಎಂದಷ್ಟೇ ಹೇಳಿದಳು ಅವಳು.

ಮರ್ಫಿಯಿಂದ ಬಂದಿದ್ದ ಗೆಳತಿ ಅನುರಾಧಾ ಕರ್ಮಗಳೆಲ್ಲ ಮುಗಿಯುವವರೆಗೂ ಇದ್ದು ಅಡುಗೆ ಮಾಡಿ ಹಾಕಿದಳು. ಸಾವಿನ ಮನೆಯಿಂದ ಹೊರಡುವಾಗ ಹೋಗಿ ಬರುತ್ತೇನೆ ಎನ್ನಬಾರದಲ್ಲ, ಮಾತಿಲ್ಲದೆ ಚಪ್ಪಲಿ ಮೆಟ್ಟಿದಳು.

"ಎಲ್ಲಿಗೆ ಹೊರಟೆ ಅನುರಾಧಾ?" ಎಂದಳು ನಳಿನಿ.

ಅನುರಾಧಾ ಗಕ್ಕನೆ ನಿಂತಳು. "ಮನೆಗೆ ಕಣೇ. ಮರ್ಫಿಗೆ."

"ಯಾವ ದಾರೀಲಿ?"

ಅನುರಾಧಾ ಅಳುತ್ತಲೇ ದಾರಿ ಹೇಳಿದಳು. ನಳಿನಿ ಕೊನೆಯವರೆಗೂ ಕೇಳಿಸಿಕೊಂಡು ತಲೆಯಾಡಿಸಿದಳು.

ಮರುದಿನ ಸಿಯಾ ಮತ್ತೆ ಶಾಲೆಗೆ ಹೊರಟಳು. ಏನೂ ನಡೆದೇ ಇಲ್ಲವೆಂಬಂತೆ ಮತ್ತದೇ ಎಳೆ ಬಿಸಿಲು. ಗೇಟಿನಲ್ಲಿ ಹಳದಿ ಬಸ್ಸು ಬಂದು ನಿಂತಿತು. ನಳಿನಿ ಮಗಳ ಬ್ಯಾಗಿನ ಪಟ್ಟಿ ಹಿಡಿದುಕೊಂಡಳು, ಬಿಡಲಾಗಲಿಲ್ಲ.

"ಎಲ್ಲಿಗೆ ಹೋಗ್ತಿದೀಯ ಪುಟ್ಟಿ?"

ಏನು ಕೇಳಿದರೂ ಇಂಗ್ಲಿಷಿನಲ್ಲೇ ಉತ್ತರ ಕೊಡುವ ಹುಡುಗಿ ಅಮ್ಮನತ್ತ ತಿರುಗಿದಳು. ಮೆಲ್ಲಗೆ, ಕನ್ನಡದಲ್ಲಿ ಕೇಳಿದಳು:

"ಈಗ ಕೇಳ್ಬಹುದಾ, ಅಮ್ಮಾ?"